ಯಾವ ಟೆನ್ಷನ್, ಯಾರ ಹತ್ತಿರ ಹೇಳಬೇಕು?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತಂದ ರೈತರಿಗೆ ಅವತ್ತು ಮಾರದೆ ಬೇರೆ ದಾರಿಯಿಲ್ಲ. ಹುಳು ಗೂಡು ಕಟ್ಟಿದ ಐದಾರು ದಿನಕ್ಕೆ ಗೂಡು ಕಟ್ಟಲು ಬಿಟ್ಟ ಚಂದ್ರಿಕೆಯಿಂದ ಬಿಡಿಸಿ ತಂದಿರುತ್ತಾರೆ. ಒಳ್ಳೆಯ ದರ ಬರಲಿ ಎಂದು ಮನೆಯಲ್ಲೇ ಇಟ್ಟುಕೊಂಡು ಕೂತರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಆ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ನೂಲು ಬಿಚ್ಚುವ ರೀಲರ್ ಬರುತ್ತಾರೆ, ಒಂದು ಹಿಡಿ ಗೂಡು ಎತ್ತಿ ಬೆರಳಲ್ಲಿ ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಒಂದನ್ನು ಸೀಳಿ ಒಳಗೆ ಇಣುಕುತ್ತಾರೆ, ಮುಂದಿನ ಲಾಟಿಗೆ ಹೋಗುತ್ತಾರೆ. ಹರಾಜಿನಲ್ಲಿ ಬಂದ ಅಂಕಿಯೇ ಇಡೀ ಮನೆಯವರ ಒಂದು ತಿಂಗಳ ದುಡಿಮೆಯ ಬೆಲೆ. ಅಲ್ಲಿ ನಿಂತವರನ್ನು "ಏನಣ್ಣಾ, ಹೆಂಗದೆ?" ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ: "ಬರೀ ಟೆನ್ಷನ್ ಕಣಪ್ಪ."

ಚನ್ನಪಟ್ಟಣದಲ್ಲಿ ಆಲೆ ಮರದ ಗೊಂಬೆ ತಿರುವುವವರಿಗೆ ಆರ್ಡರ್ ಬರದಿದ್ದರೆ ಟೆನ್ಷನ್. ಕನಕಪುರದ ಕಾಡಂಚಿನವರಿಗೆ ರಾತ್ರಿ ಆನೆ ಇಳಿದರೆ ಟೆನ್ಷನ್. ಬಿಡದಿ ಸುತ್ತಮುತ್ತ ಟೌನ್‌ಶಿಪ್‌ಗೆ ಜಮೀನು ಹೋಗುತ್ತದೆಂಬ ಟೆನ್ಷನ್, ಅಲ್ಲೇ ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುವ ಹುಡುಗನಿಗೆ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂಬ ಟೆನ್ಷನ್. ಮಾಗಡಿಯ ಅವ್ವನಿಗೆ ಬೆಂಗಳೂರಿಗೆ ಓಡಾಡುವ ಮಗಳು ರಾತ್ರಿ ಮನೆ ಸೇರುವವರೆಗೆ ಟೆನ್ಷನ್. ಕೊನೆಗೆ ರಕ್ತದೊತ್ತಡ ಏರಿದರೂ ಅದನ್ನೇ ಹೇಳುತ್ತೇವೆ, ಎದೆ ಹಿಡಿದುಕೊಂಡರೂ ಅದನ್ನೇ ಹೇಳುತ್ತೇವೆ.

ಎಲ್ಲಕ್ಕೂ ಒಂದೇ ಮಾತಾದ್ದರಿಂದ ಎಲ್ಲಕ್ಕೂ ಒಂದೇ ಮದ್ದು ಹುಡುಕುತ್ತೇವೆ. ಸಾಲ ವಸೂಲಿಯವನ ಕಾಟಕ್ಕೆ ನಿದ್ದೆ ಮಾತ್ರೆ ನುಂಗುವವರಿದ್ದಾರೆ. ವೈದ್ಯರು ನೋಡಬೇಕಾದ ಕಾಯಿಲೆಯನ್ನು "ಗೂಡು ದುಡ್ಡು ಬಂದರೆ ಸರಿಹೋಗುತ್ತೆ" ಎಂದು ವರ್ಷಗಟ್ಟಲೆ ಮುಂದೆ ಹಾಕುವವರೂ ಇದ್ದಾರೆ. ಯಾವ ಟೆನ್ಷನ್ ಎಂದು ಬಿಡಿಸಿ ಹೇಳಿದರೆ ಯಾರ ಹತ್ತಿರ ಹೋಗಬೇಕೆಂಬುದು ಅರ್ಧ ತಿಳಿದಂತೆ. ಈ ಜಿಲ್ಲೆಯವರಿಗೆ ಉಪಯೋಗವಾಗಲಿ ಎಂದು ಆ ವಿವರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ, ಕೇಂದ್ರ ಸ್ಥಾನ ರಾಮನಗರವೇ. ಅರ್ಜಿಯಲ್ಲೋ ಫೋನಿನಲ್ಲೋ ಯಾವ ಹೆಸರು ಬಂದರೂ ಗೊಂದಲ ಬೇಡ.

ನಮ್ಮ ಮಾತುಗಳು

ನಮ್ಮ ಕಡೆ "ಯೋಚ್ನೆ ಮಾಡ್ಬೇಡ" ಎಂದರೆ ಆಲೋಚನೆ ಮಾಡಬೇಡ ಎಂದಲ್ಲ, ಚಿಂತೆ ಬಿಡು ಎಂದು. ಯೋಚನೆ ಎಂಬ ಒಂದೇ ಮಾತು ಲೆಕ್ಕಾಚಾರಕ್ಕೂ ಆಗುತ್ತದೆ, ಕೊರಗಿಗೂ ಆಗುತ್ತದೆ. ಅಪ್ಪ ಜಗಲಿಯ ಮೇಲೆ ಕೂತು "ಯೋಚ್ನೆ ಮಾಡ್ತಾ ಇದೀನಿ" ಎಂದರೆ ಮುಂದಿನ ಬೆಳೆಗೆ ಎಷ್ಟು ಮೊಟ್ಟೆ ತರಬೇಕೆಂದು ಲೆಕ್ಕ ಹಾಕುತ್ತಿರಬಹುದು, ಇಲ್ಲವೇ ಹೋದ ಬೆಳೆಯ ನಷ್ಟವನ್ನು ನೂರನೆಯ ಸಲ ಮನಸ್ಸಿನಲ್ಲಿ ತಿರುವಿ ಹಾಕುತ್ತಿರಬಹುದು. ಮೊದಲನೆಯದು ಮುಗಿಯುತ್ತದೆ, ಕೊನೆಗೆ ಒಂದು ತೀರ್ಮಾನ ಸಿಗುತ್ತದೆ. ಎರಡನೆಯದು ಮುಗಿಯುವುದಿಲ್ಲ. ಮನೆಯವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೂ ಇದೇ: ಇವರು ಯಾವ ಯೋಚನೆಯಲ್ಲಿದ್ದಾರೆ?

ಬೇರೆ ಮಾತುಗಳೂ ನಮ್ಮಲ್ಲಿವೆ, ಅವು ಹೆಚ್ಚು ಖಚಿತ. ತಕ್ಷಣ ಬಂದು ಹೋಗುವುದು ಗಾಬರಿ. ಕಾರಣ ಗೊತ್ತಿಲ್ಲದೆ ಒಳಗೊಳಗೇ ನಡುಗಿಸುವುದು ದಿಗಿಲು. ಕಳೆದುಕೊಂಡದ್ದನ್ನು ನೆನೆದು ಸವೆಯುವುದು ಕೊರಗು. ಇನ್ನೊಬ್ಬರ ಒಳಿತಿಗಾಗಿ ಎಚ್ಚರದಿಂದಿರುವುದು ಕಾಳಜಿ. ವೈದ್ಯರ ಮುಂದೆ ಕೂತಾಗ "ಟೆನ್ಷನ್ ಸಾರ್" ಎನ್ನುವುದಕ್ಕಿಂತ "ಮೂರು ತಿಂಗಳಿಂದ ದಿಗಿಲು, ಎದೆ ಡವಡವ ಅಂತದೆ, ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಹತ್ತಲ್ಲ" ಎಂದರೆ ಅವರು ಹತ್ತು ಪ್ರಶ್ನೆ ಕೇಳುವುದು ತಪ್ಪುತ್ತದೆ.

ಇಂಗ್ಲಿಷಿನ 'ವರಿ' ನಮ್ಮ ಮಕ್ಕಳ ಬಾಯಲ್ಲಿ ದಿನವೂ ಇದೆ, "ಡೋಂಟ್ ವರಿ ಅಮ್ಮ." ಆ ಪದದ ಹಳೆಯ ಅರ್ಥ ಕತ್ತು ಹಿಸುಕುವುದು. ನಾಯಿ ಕುರಿಯ ಕುತ್ತಿಗೆಗೆ ಬಾಯಿ ಹಾಕಿ ಎಳೆದಾಡುವುದಕ್ಕೆ ಶತಮಾನಗಳ ಕಾಲ ಅದನ್ನು ಬಳಸಿದರು. ಆಮೇಲೆ ಒಬ್ಬರನ್ನೊಬ್ಬರು ಪೀಡಿಸುವುದಕ್ಕೆ ಬಂತು. ಮನಸ್ಸಿನ ಚಿಂತೆ ಎಂಬ ಅರ್ಥ ರೂಢಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಿಡದಿಯ ಕಾರ್ಖಾನೆ, ಬೆಂಗಳೂರಿನ ಕಚೇರಿಗಳಲ್ಲಿ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಬಳಕೆಯ ಮಾತು: ಈಗ ಒಂದು ವಿಷಯಕ್ಕೆ ಚಿಂತೆಯಾಗಿದ್ದರೆ 'ಐ ಆಮ್ ವರೀಡ್ ಅಬೌಟ್' ಎನ್ನಬೇಕು. ಬರೀ 'ಐ ವರಿ' ಎಂದರೆ ಯಾವಾಗಲೂ ಚಿಂತೆ ಮಾಡುವ ಸ್ವಭಾವ ಎಂದಾಗುತ್ತದೆ. 'ವರಿಯಿಂಗ್' ಎಂಬ ವಿಶೇಷಣ ಚಿಂತೆ ಹುಟ್ಟಿಸುವ ಸಂಗತಿಗೆ, ಚಿಂತೆಪಡುವ ಮನುಷ್ಯನಿಗಲ್ಲ. ಮೇಲಧಿಕಾರಿಗೆ ಬರೆಯುವಾಗ 'ಕನ್ಸರ್ನ್' ಹೆಚ್ಚು ಹೊಂದುತ್ತದೆ, ಅದರಲ್ಲಿ ದೂರು ಇದ್ದರೂ ಅಳು ಇರುವುದಿಲ್ಲ. ಆದರೆ ಅದಕ್ಕೆ ಇನ್ನೊಂದು ಮುಖವಿದೆ. ತಾಲ್ಲೂಕು ಕಚೇರಿಯಲ್ಲಿ 'ಕನ್ಸರ್ನ್ಡ್ ಆಫೀಸರ್' ಎಂದರೆ ಸಂಬಂಧಪಟ್ಟ ಅಧಿಕಾರಿ ಎಂದಷ್ಟೇ ಅರ್ಥ, ಅವರಿಗೆ ನಿಮ್ಮ ಬಗ್ಗೆ ಚಿಂತೆಯಾಗಿದೆ ಎಂದಲ್ಲ. ವೈದ್ಯರ ಚೀಟಿಯಲ್ಲಿ 'ಆಂಕ್ಸೈಟಿ' ಎಂದಿದ್ದರೆ ಗಾಬರಿಯಾಗಬೇಡಿ. ಚಿಂತೆ, ದಿಗಿಲು ಕಾಯಿಲೆಯ ಮಟ್ಟಕ್ಕೆ ಬಂದಿದೆ, ಚಿಕಿತ್ಸೆ ಬೇಕು ಎಂದು ಅದರ ಅರ್ಥ. ಹುಚ್ಚು ಎಂದಲ್ಲ.

ಕಾರಣ ಕಣ್ಣೆದುರಿಗಿದ್ದರೆ

ಹುಳು ಸಾಕುವ ಮನೆಯ ಚಿಂತೆಗೆ ದಿನ ತಿಥಿ ಇರುತ್ತದೆ. ಚಾಕಿ, ಅಂದರೆ ಎಳೆಯ ಹುಳು, ತಂದಾಗಿನಿಂದ ಅದು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೆ ಪ್ರತಿ ಜ್ವರಕ್ಕೂ, ಅಂದರೆ ಪ್ರತಿ ಸಲ ಪೊರೆ ಬಿಡುವಾಗಲೂ, ಒಂದೊಂದು ಆತಂಕ. ನಾಲ್ಕನೇ ಜ್ವರ ಎದ್ದ ಮೇಲೆ ಬರುವ ಕೊನೆಯ ಹಂತ ಸುಮಾರು ಒಂದು ವಾರ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಈ ಒಂದು ವಾರದಲ್ಲೇ ಖರ್ಚು. ಆಗ ಮನೆಮಂದಿಗೆಲ್ಲ ನಿದ್ದೆ ಅಷ್ಟಕ್ಕಷ್ಟೆ, ಊಟ ಹೊತ್ತಿಗೆ ಸರಿಯಾಗಿ ಇಲ್ಲ, ಮಾತು ಸಿಡುಕು. ಇದು ಕಾಯಿಲೆಯಲ್ಲ, ದುಡಿಮೆಯ ದಣಿವು. ಗೂಡು ಬಿಡಿಸಿ ಮಾರಿದ ಮೇಲೆ ಎರಡು ರಾತ್ರಿ ಚೆನ್ನಾಗಿ ಮಲಗಿದರೆ ಹೋಗುತ್ತದೆ. ದುಡ್ಡು ಬ್ಯಾಂಕಿಗೆ ಬಂದ ಮೇಲೂ, ಮನೆ ಖಾಲಿಯಾಗಿ ತೊಳೆದಿಟ್ಟ ಮೇಲೂ, ಮುಂದಿನ ಬೆಳೆಗೆ ಇನ್ನೂ ದಿನವಿರುವಾಗಲೂ ನಿದ್ದೆ ಬರುತ್ತಿಲ್ಲವೆಂದರೆ ಅದು ಬೇರೆ ಲೆಕ್ಕ. ಹುಳು ಸಾಕುವವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ತೋಚಿಲ್ಲ.

ಹುಳು ಸೊಪ್ಪು ಬಿಟ್ಟು ಸಪ್ಪೆಯಾದರೆ, ಚರ್ಮ ಊದಿ ಹೊಳೆದು ಹಾಲುತೊಂಡೆಯ ಲಕ್ಷಣ ಕಂಡರೆ, ಮೈ ಬಿಳಿಚಿ ಸುಣ್ಣದಂತೆ ಗಟ್ಟಿಯಾದರೆ ಪಕ್ಕದ ಮನೆಯವರ ಸಲಹೆ ಕೇಳುತ್ತಾ ಒಂದು ದಿನ ಕಳೆಯಬೇಡಿ. ಆ ಒಂದು ದಿನದಲ್ಲೇ ತಟ್ಟೆಯಿಂದ ತಟ್ಟೆಗೆ ರೋಗ ದಾಟುತ್ತದೆ. ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದವರ ನಂಬರನ್ನು ಹುಳುಮನೆಯ ಗೋಡೆಗೇ ಬರೆದಿಡಿ. ಬೇರೆ ಬೆಳೆಗಳ ವಿಚಾರಕ್ಕೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಆನೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಳೆ ಹಾನಿಯಾಗಿದ್ದರೆ ತುಳಿದ ಜಾಗವನ್ನು ಸರಿಮಾಡುವ ಮುಂಚೆ ಫೋಟೊ ತೆಗೆದಿಟ್ಟುಕೊಂಡು ಪರಿಹಾರಕ್ಕೆ ಅರ್ಜಿ ಕೊಡಿ.

ಸಾಲದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಈ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳ ಎದೆ ಡವಡವದ ಹಿಂದೆ ವಾರದ ಕಂತು ಇದೆ. ಅವರು ತಿಳಿದಿರಬೇಕಾದ ಕೆಲವು ನಿಯಮಗಳಿವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕಿನ 2022ರ ನಿಯಮ ಕಿರುಸಾಲ ಎಂದು ಕರೆಯುತ್ತದೆ. ಅಂಥ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಕರೆ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿ ಗೊತ್ತು ಮಾಡಿದ್ದಾಗಿರಬೇಕು. ಸಾಲಗಾರರು ಅಲ್ಲಿಗೆ ಸತತವಾಗಿ ಎರಡು ಸಲ ಬರದಿದ್ದರೆ ಮಾತ್ರ ವಸೂಲಿಯವರು ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೈಯುವುದು, ಬೆದರಿಸುವುದು, ನೆಂಟರಿಷ್ಟರಿಗೆ ಫೋನ್ ಮಾಡಿ ಮರ್ಯಾದೆ ತೆಗೆಯುವುದು ಯಾವುದಕ್ಕೂ ಅವಕಾಶವಿಲ್ಲ. ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

ಇದರ ಮೇಲೆ ನಮ್ಮ ರಾಜ್ಯವೇ 2025ರ ಫೆಬ್ರುವರಿಯಲ್ಲಿ ಕಿರುಸಾಲ, ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು, ಆಮೇಲೆ ಅದೇ ಕಾಯ್ದೆಯಾಯಿತು. ಹಿಂಸೆ, ಬೆದರಿಕೆ, ಮನೆ ಮುಂದೆ ಗಲಾಟೆಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಆದ್ದರಿಂದ ಯಾರು, ಯಾವ ದಿನ, ಎಷ್ಟು ಗಂಟೆಗೆ ಬಂದರು, ಏನೆಂದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕರೆ ಬಂದ ನಂಬರು, ಸಮಯ ಫೋನಿನಲ್ಲಿ ಅಳಿಸಬೇಡಿ. ಈ ಬರವಣಿಗೆ ಠಾಣೆಯಲ್ಲೂ ಕೆಲಸಕ್ಕೆ ಬರುತ್ತದೆ, ಮನಸ್ಸಿಗೂ ಹಗುರವಾಗುತ್ತದೆ. ಸಾಲ ತೀರಿಸುವ ಜವಾಬ್ದಾರಿ ಇದರಿಂದ ಹೋಗುವುದಿಲ್ಲ, ಆದರೆ ತೀರಿಸಲು ಕಾಲಾವಕಾಶ ಕೇಳುವ ಧೈರ್ಯ ಬರುತ್ತದೆ.

ಜಮೀನು, ಪಾಲು, ಗಂಡನ ಮನೆಯ ಕಿರುಕುಳದಂಥ ವಿಚಾರಕ್ಕೆ ವಕೀಲರ ಫೀಸಿಗೆ ಹೆದರಿ ಒಳಗೇ ಕೊರಗಬೇಕಿಲ್ಲ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಮಕ್ಕಳು, ಕಡಿಮೆ ಆದಾಯದವರಿಗೆಲ್ಲ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವು ಇದೆ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ರಾಮನಗರದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ. ಫೋನಿನಲ್ಲಾದರೆ 15100. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181, ಮಕ್ಕಳ ವಿಷಯಕ್ಕೆ 1098, ತುರ್ತಿಗೆ 112.

ಕಾರಣ ಹೋದರೂ ಚಿಂತೆ ಹೋಗದಿದ್ದರೆ

ಚಿಂತೆ ಯಾವಾಗ ಕಾಯಿಲೆ? ವೈದ್ಯರು ಒಂದು ಗೆರೆ ಹಾಕಿಕೊಂಡಿದ್ದಾರೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚಿನ ದಿನಗಳಲ್ಲಿ, ಒಂದಲ್ಲ ಒಂದು ವಿಷಯಕ್ಕೆ ತಡೆಯಲಾಗದ ಚಿಂತೆ. ಅದರ ಜೊತೆಗೆ ಕೂತಲ್ಲಿ ಕೂರಲಾಗದ ಚಡಪಡಿಕೆ, ಬೇಗ ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಕುತ್ತಿಗೆ ಭುಜ ಬಿಗಿಯುವುದು, ನಿದ್ದೆಗೆಡುವುದು ಇವುಗಳಲ್ಲಿ ಕೆಲವು. ಆರು ತಿಂಗಳು ತುಂಬಲಿ ಎಂದು ಕಾಯಬೇಕಿಲ್ಲ. ಎರಡು ವಾರ ದಿನವೂ ಹೀಗಾಗಿ ಕೆಲಸ, ಊಟ, ಮಾತುಕತೆ ಕೆಟ್ಟಿದ್ದರೆ ಅಷ್ಟೇ ಸಾಕು, ತೋರಿಸಿ.

ಇನ್ನು ಕೆಲವರಿಗೆ ಬಸ್ಸಿನಲ್ಲೋ ಸಂತೆಯಲ್ಲೋ ಇದ್ದಕ್ಕಿದ್ದಂತೆ ಎದೆ ಬಡಿದು, ಬೆವರಿ, ಉಸಿರು ಕಟ್ಟಿ, ಇನ್ನೇನು ಪ್ರಾಣ ಹೋಯಿತು ಎನ್ನಿಸುತ್ತದೆ. ಹತ್ತು ನಿಮಿಷದೊಳಗೆ ಅದರ ಏರು ಮುಗಿದು ಇಳಿಯತೊಡಗುತ್ತದೆ. ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ತೊಂದರೆ. ಆದರೆ ಮೊದಲ ಸಲ ಹೀಗಾದಾಗ, ಅದರಲ್ಲೂ ವಯಸ್ಸು ನಲವತ್ತು ದಾಟಿದ್ದರೆ, ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಟೆನ್ಷನ್ ಎಂದು ನೀವೇ ತೀರ್ಮಾನಿಸಿ ಮಜ್ಜಿಗೆ ಕುಡಿದು ಮಲಗಬೇಡಿ. 108 ಆಂಬ್ಯುಲೆನ್ಸ್ ಕರೆದು ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಹೃದಯದ ತೊಂದರೆಯಲ್ಲ ಎಂದು ಖಾತ್ರಿಯಾದ ಮೇಲೆಯೇ ಮನಸ್ಸಿನ ಮಾತು. ಹಾಗೆಯೇ ಥೈರಾಯ್ಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ, ಸಕ್ಕರೆ ಇಳಿದರೂ ಎದೆ ಬಡಿತ, ನಡುಕ ಬರುತ್ತದೆ. ಒಂದು ರಕ್ತ ಪರೀಕ್ಷೆ ಇದನ್ನು ಬಿಡಿಸಿ ಹೇಳುತ್ತದೆ. ದಿನಕ್ಕೆ ಆರೇಳು ಲೋಟ ಕಾಫಿ ಟೀ ಕುಡಿಯುವವರು ಮೊದಲು ಅದನ್ನು ಇಳಿಸಿ ನೋಡಬಹುದು. ಸಂಜೆಯ ಎಣ್ಣೆ ಆ ರಾತ್ರಿಗೆ ಮಂಪರು ತಂದರೂ ನಡುರಾತ್ರಿ ಎಬ್ಬಿಸುತ್ತದೆ, ಬೆಳಿಗ್ಗೆ ದಿಗಿಲು ಹೆಚ್ಚಿಸುತ್ತದೆ. ಚಿಂತೆಗೆಂದು ಕುಡಿಯಲು ಶುರು ಮಾಡಿದವರ ಚಿಂತೆ ಕುಡಿತದಿಂದಲೇ ಬೆಳೆಯುವುದನ್ನು ನಾವು ಊರೂರಿನಲ್ಲಿ ನೋಡುತ್ತಿದ್ದೇವೆ.

ಮನೆಯಿಂದ ಹೊರಡದೆಯೇ ಮಾತಾಡಬೇಕೆಂದರೆ ಟೆಲಿ ಮಾನಸ್ ಇದೆ, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಈ ಸಹಾಯವಾಣಿಯ ಹೊಣೆಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ನಡೆಯುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತ ಸಮಾಲೋಚಕರು ಮಾತಾಡುತ್ತಾರೆ, ಬೇಕೆನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಹೇಗೆ ಶುರು ಮಾಡಬೇಕು ಎಂದು ಮುಜುಗರವಾದರೆ "ನನಗೆ ಕೆಲವು ದಿನದಿಂದ ನಿದ್ದೆ ಬರ್ತಿಲ್ಲ" ಎಂಬ ಒಂದು ವಾಕ್ಯ ಸಾಕು, ಮುಂದಿನದನ್ನು ಅವರು ಕೇಳುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನಗಳಲ್ಲಿ ಈ ನಂಬರು ಮನೆಯ ಕ್ಯಾಲೆಂಡರಿನ ಮೇಲೆ ಕಾಣುವಂತಿರಲಿ.

ಎದುರಿಗೆ ಕೂತು ತೋರಿಸಬೇಕೆಂದರೆ ರಾಮನಗರದ ಜಿಲ್ಲಾಸ್ಪತ್ರೆಗೆ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಇರುವ ತಂಡ ಪ್ರತಿ ಜಿಲ್ಲೆಗೂ ಇದೆ. ಈ ಕಾರ್ಯಕ್ರಮದ ಬೇರು ನಮ್ಮ ರಾಜ್ಯದಲ್ಲೇ ಇದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆ 1996ರಲ್ಲಿ ದೇಶದ ಕಾರ್ಯಕ್ರಮ ಕಟ್ಟಿದರು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ಕಿಗೆ ಮಂಗಳವಾರದ ವಾಡಿಕೆಯಿದೆ. ಚನ್ನಪಟ್ಟಣ, ಕನಕಪುರ, ಮಾಗಡಿಯವರು ತಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯರ ಹತ್ತಿರವೋ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿಯೋ ಕೇಳಿಕೊಂಡು ಹೊರಡುವುದು ಒಳ್ಳೆಯದು, ಒಂದು ದಿನದ ಕೂಲಿ ಉಳಿಯುತ್ತದೆ. ನಿಮ್ಹಾನ್ಸ್‌ನವರು ಬೆಂಗಳೂರಿನ ಆಚೆಗೂ ಹೋಗಿ ಕ್ಲಿನಿಕ್ ನಡೆಸುವ ಪದ್ಧತಿ ದಶಕಗಳಷ್ಟು ಹಳೆಯದು. ಅವರು ಹೋಗಿರುವ ಊರುಗಳಲ್ಲಿ ಆನೇಕಲ್, ಮದ್ದೂರಿನ ಜೊತೆ ಕನಕಪುರವೂ ಇದೆ. ಕಾಯಿಲೆ ಜಟಿಲವೆನಿಸಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೇ ಹೋಗಬಹುದು. ಬಿಪಿಎಲ್ ಕಾರ್ಡು, ಆಧಾರ್, ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ, ಬೆಳಿಗ್ಗೆ ಬೇಗ ತಲುಪಿ.

ಕಬ್ಬಾಳಮ್ಮನಿಗೆ ಹರಕೆ ಹೊತ್ತು, ಕೆಂಗಲ್ ಆಂಜನೇಯನಿಗೆ ಕಾಯಿ ಒಡೆಸಿ ಬಂದರೆ ಮನಸ್ಸಿಗೆ ನೆಮ್ಮದಿಯಾಗುತ್ತದೆಂದು ಹಿರಿಯರು ಹೇಳಿದರೆ ಹೋಗಿ ಬನ್ನಿ. ಅದು ಬೇಡವೆಂದು ಯಾವ ಒಳ್ಳೆಯ ವೈದ್ಯರೂ ಹೇಳುವುದಿಲ್ಲ. ಆದರೆ ಶಾಸ್ತ್ರ ಕೇಳಿಸಲು, ತಾಯಿತ ಕಟ್ಟಿಸಲು ಸಾವಿರಗಟ್ಟಲೆ ಕೇಳುವವರ ಹಿಂದೆ ಹೊಸ ಸಾಲ ಮಾಡಿಕೊಂಡು ತಿರುಗುವುದು ಬೇಡ. ಮಾತ್ರೆ ನಿಲ್ಲಿಸು ಎನ್ನುವವರ ಮಾತಂತೂ ಕೇಳಲೇಬೇಡಿ.

ಮಾತ್ರೆಯ ವಿಷಯ

ಅಲ್ಪ್ರಜೋಲಾಮ್‌ನಂಥ ಮಾತ್ರೆ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಅಭ್ಯಾಸ ಹಳ್ಳಿಗೂ ಬಂದಿದೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದ್ದನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಅರ್ಧ ಗಂಟೆಯಲ್ಲಿ ದಿಗಿಲು ಇಳಿಸುತ್ತದೆ ನಿಜ, ಕೆಲವು ವಾರಗಳಲ್ಲೇ ದೇಹ ಅದಕ್ಕೆ ಒಗ್ಗಿಕೊಂಡು ಇನ್ನೂ ಕೇಳುತ್ತದೆ. ವೈದ್ಯರೇ ಬರೆದುಕೊಟ್ಟಿದ್ದರೂ ಅದು ಸ್ವಲ್ಪ ದಿನಕ್ಕೆ ಮಾತ್ರ. ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಿಬಿಡಬೇಡಿ, ಫಿಟ್ಸ್ ಬರುವ ಅಪಾಯವಿದೆ. ನಿಧಾನವಾಗಿ ಇಳಿಸುವ ಕ್ರಮವನ್ನು ವೈದ್ಯರೇ ಹೇಳಿಕೊಡಬೇಕು.

ಚಿಂತೆಯ ಕಾಯಿಲೆಗೆ ಹೆಚ್ಚಾಗಿ ಕೊಡುವುದು ಬೇರೆ ಬಗೆಯ ಮಾತ್ರೆ. ಅದು ಚಟವಾಗುವುದಿಲ್ಲ, ಆದರೆ ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಹೆಚ್ಚಿದಂತೆ ಅನ್ನಿಸಬಹುದು. ನಮ್ಮವರು ಚಿಕಿತ್ಸೆ ಕೈಬಿಡುವುದು ಹೆಚ್ಚಾಗಿ ಇಲ್ಲೇ. "ಹತ್ತು ದಿನ ನುಂಗಿದೆ, ಏನೂ ಆಗ್ಲಿಲ್ಲ, ಬುಟ್ಬುಟ್ಟೆ" ಎನ್ನುತ್ತಾರೆ. ತಡೆದುಕೊಳ್ಳಲಾಗದಿದ್ದರೆ ವೈದ್ಯರಿಗೆ ಹೋಗಿ ಹೇಳಿ, ಪ್ರಮಾಣ ಬದಲಿಸುತ್ತಾರೆ. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಮಾತ್ರೆಯಷ್ಟೇ ಬೆಲೆಯುಳ್ಳ ಇನ್ನೊಂದು ಚಿಕಿತ್ಸೆ ಮಾತಿನದು. ಮನಃಶಾಸ್ತ್ರಜ್ಞರ ಜೊತೆ ಕೆಲವು ವಾರ ಕೂತು ಯೋಚನೆಯ ದಾರಿಯನ್ನೇ ತಿದ್ದಿಕೊಳ್ಳುವ ವಿಧಾನ. ಸಿಗುವ ಕಡೆ ಅದನ್ನೂ ಕೇಳಿ ಪಡೆಯಿರಿ.

ಮನೆಯಲ್ಲೇ ಮಾಡಬಹುದಾದ ಒಂದು ವಿಧಾನವನ್ನು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಯವರು 1983ರಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ, ಚಿಂತೆಗೆಂದೇ ಮೀಸಲು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ "ಆ ಹೊತ್ತಿಗೆ ನೋಡೋಣ" ಎಂದು ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ನಮ್ಮ ಮನೆಗಳಿಗೆ ಸಂಜೆ ಸೊಪ್ಪು ಕೊಟ್ಟು ಕೈ ತೊಳೆದ ಮೇಲಿನ ಹೊತ್ತು ಹೊಂದುತ್ತದೆ, ಮಲಗುವ ಹೊತ್ತು ಬೇಡ, ಮಲಗುವ ಜಾಗವೂ ಬೇಡ. ಒಂದು ಲೆಕ್ಕದ ಪುಸ್ತಕ ತೆಗೆದು ನಡುವೆ ಗೆರೆ ಎಳೆಯಿರಿ, ನಿಮ್ಮ ಕೈಯಲ್ಲಿರುವುದು ಎಡಕ್ಕೆ, ಇಲ್ಲದ್ದು ಬಲಕ್ಕೆ. "ಮೂರನೇ ಜ್ವರ ಎದ್ದ ಹುಳು ಸಪ್ಪೆ ಇದೆ" ಎಂಬುದು ಎಡಕ್ಕೆ, ಅದರ ಮುಂದೆ "ನಾಳೆ ಎಂಟು ಗಂಟೆಗೆ ತಾಂತ್ರಿಕ ಸೇವಾ ಕೇಂದ್ರಕ್ಕೆ ಫೋನ್." "ಸೊಸೈಟಿ ಸಾಲದ ವಾಯಿದೆ" ಎಡಕ್ಕೆ, "ಸೋಮವಾರ ಕಾರ್ಯದರ್ಶಿಯನ್ನು ಕಾಣಬೇಕು." "ಹದಿನೈದು ದಿನ ಕಳೆದು ಗೂಡಿನ ದರ ಬಿದ್ದರೆ?" ಎಂಬುದು ಬಲಕ್ಕೆ, ಅದರ ಮುಂದೆ ಏನೂ ಬರೆಯಬೇಡಿ, ನಿಮ್ಮ ಕೈಯಲ್ಲಿ ಏನೂ ಇಲ್ಲ. ಅರ್ಧ ಗಂಟೆಯಾದೊಡನೆ ಪುಸ್ತಕ ಮುಚ್ಚಿ ಎದ್ದುಬಿಡಿ. ಮೊದಲ ಕೆಲವು ದಿನ ಮನಸ್ಸು ಮಾತು ಕೇಳುವುದಿಲ್ಲ, ಬಿಡದೆ ನಡೆಸಿದವರಿಗೆ ಎರಡು ಮೂರು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಇನ್ನೊಬ್ಬರು ಬಂದು ಹೇಳಿದಾಗ

ಯಾರಾದರೂ ಕಷ್ಟ ಹೇಳಿಕೊಂಡರೆ ನಮ್ಮ ಬಾಯಿಗೆ ಮೊದಲು ಬರುವುದು "ತಲೆ ಕೆಡಿಸ್ಕೋಬೇಡ", "ಎಲ್ಲಾರ್ಗೂ ಇದ್ದದ್ದೇ ಬುಡು." ಪ್ರೀತಿಯಿಂದಲೇ ಹೇಳುತ್ತೇವೆ, ಆದರೆ ಅಲ್ಲಿಗೆ ಆ ಮನುಷ್ಯನ ಬಾಯಿ ಮುಚ್ಚುತ್ತದೆ. ಅದಕ್ಕಿಂತ "ಏನಾಯ್ತು, ಮೊದ್ಲಿಂದ ಹೇಳು" ಎಂದು ಕೂತುಬಿಡಿ. "ರಾತ್ರಿ ನಿದ್ದೆ ಬರ್ತದಾ? ಊಟ ಸೇರ್ತದಾ?" ಎಂದು ಕೇಳಿ, ಈ ಎರಡು ಪ್ರಶ್ನೆಗೆ ನಾಚಿಕೆಯಿಲ್ಲದೆ ಉತ್ತರ ಬರುತ್ತದೆ. ಕೊನೆಯಲ್ಲಿ "ಮಂಗಳವಾರ ಆಸ್ಪತ್ರೆಗೆ ನಾನೂ ಬತ್ತೀನಿ, ಗಾಡೀಲಿ ಕರ್ಕೊಂಡೋಯ್ತೀನಿ" ಎಂದರೆ ಹತ್ತು ಬುದ್ಧಿಮಾತಿಗಿಂತ ದೊಡ್ಡದು. ಗಂಡಸರು, ಅದರಲ್ಲೂ ಮನೆ ಯಜಮಾನರು, ತಾವಾಗಿ ಹೊರಡುವುದು ಅಪರೂಪ. ಅವರನ್ನು "ಬಿಪಿ ತೋರಿಸ್ಕೊಂಡು ಬರೋಣ" ಎಂದು ಕರೆದುಕೊಂಡು ಹೋಗುವ ಅಕ್ಕತಂಗಿಯರನ್ನು, ಭಾವಮೈದಂದಿರನ್ನು ನಾನು ಮೆಚ್ಚುತ್ತೇನೆ.

"ನಾನಿಲ್ದಿದ್ರೆ ಎಲ್ಲಾ ಸರಿಹೋಗ್ತದೆ" ಎಂಬಂಥ ಮಾತು ಬಂದರೆ, ಇದ್ದಕ್ಕಿದ್ದಂತೆ ಲೆಕ್ಕಪತ್ರವನ್ನೆಲ್ಲ ಮಗನ ಕೈಗೆ ಒಪ್ಪಿಸುತ್ತಿದ್ದರೆ ನೇರವಾಗಿ ಕೇಳಿ: "ಸಾಯೋ ಯೋಚ್ನೆ ಏನಾದ್ರೂ ಬರ್ತಿದ್ಯಾ?" ಹಾಗೆ ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಭಾರ ಹೊರಗೆ ಬರುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಅಪಾಯವಾಗಬಹುದಾದ ವಸ್ತುಗಳನ್ನೆಲ್ಲ ಒಳಗಿಟ್ಟು ಬೀಗ ಹಾಕಿ ಬೀಗದಕೈ ಬೇರೆಯವರಲ್ಲಿಡಿ, ಪಕ್ಕದಲ್ಲೇ ಕೂತು 14416ಕ್ಕೆ ಕರೆ ಮಾಡಿ, ಕೈಮೀರುವಂತಿದ್ದರೆ 112 ಅಥವಾ 108. ಪ್ರಯತ್ನ ಆಗಿಹೋಗಿದ್ದರೂ ಕೇಸ್ ಆಗುತ್ತದೆಂದು ಹೆದರಿ ಆಸ್ಪತ್ರೆಗೆ ತಡಮಾಡುವವರು ಇವತ್ತಿಗೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎಂದು ಹೇಳಿದೆ. ಮೊದಲು ಆಸ್ಪತ್ರೆ, ಉಳಿದದ್ದು ಆಮೇಲೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಉಪಯೋಗದ ಮಾತಿದೆ. ಆರೋಗ್ಯ ವಿಮೆ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಕಾರ್ಖಾನೆಯ ಗುಂಪು ವಿಮೆಯಿರುವವರು ಪಾಲಿಸಿಯ ಕಾಗದದಲ್ಲಿ ಇದನ್ನು ಹುಡುಕಿ ನೋಡಿ, ಕಾಣದಿದ್ದರೆ ಎಚ್‌ಆರ್ ವಿಭಾಗಕ್ಕೆ ಬರಹದಲ್ಲೇ ಕೇಳಿ. ಕೊನೆಗೆ ಒಂದು ಮಾತು, ವೈದ್ಯರ ಹತ್ತಿರ ಎರಡನೆಯ ಸಲ ಹೋಗುವ ದಿನಾಂಕವನ್ನು ಮೊದಲ ಸಲವೇ ಬರೆಸಿಕೊಂಡು ಬನ್ನಿ. ಅದು ಹುಳು ಹಣ್ಣಾಗುವ ವಾರಕ್ಕೆ ಬೀಳುವಂತಿದ್ದರೆ ಅಲ್ಲೇ ಹೇಳಿ ಬೇರೆ ದಿನ ಹಾಕಿಸಿಕೊಳ್ಳಿ, ಮಾತ್ರೆಯನ್ನು ಅಲ್ಲಿಯವರೆಗೆ ಸಾಲುವಷ್ಟು ಪಡೆದುಕೊಳ್ಳಿ.